ಪುಟ್ಟ ವೈರಸ್, ದೊಡ್ಡ ಕಾಟ: ಬೆಕ್ಕು, ನಾಯಿಗಳ ಪಾರ್ವೊ ರೋಗ



ಮಗ್ರಿಬ್ ಕಳೆದು ಸ್ವಲ್ಪ ಹೊತ್ತಾಗಿತ್ತು. ಮಧುಗಿರಿಯ ಒಬ್ಬ ತಂದೆ, ಜೊತೆಗೆ ಒಂಬತ್ತು ವರ್ಷದ ಮಗಳು, ನನ್ನ ದವಾಖಾನೆಗೆ ಬಂದರು. ಮಗುವಿನ ಕೈಯಲ್ಲಿ ಹಳೆಯ ದುಪಟ್ಟಾದಲ್ಲಿ ಸುತ್ತಿದ ಎರಡು ತಿಂಗಳ ಬೆಕ್ಕಿನ ಮರಿ. ಬೆಳಿಗ್ಗೆಯಿಂದ ಹಳದಿ ವಾಂತಿ, ಸಂಜೆ ನೀರಿನಂತಹ ಭೇದಿ. ತಲೆ ಎತ್ತಲೂ ಶಕ್ತಿಯಿಲ್ಲ. "ಹಕೀಂ ಸಾಹೇಬ್ರೇ, ಇದಕ್ಕೂ ಏನಾದ್ರೂ ಕೊಡಿ, ಇದೂ ಹೋಗಿಬಿಡುತ್ತೆ" ಎಂದಳು ಹುಡುಗಿ.

"ಇದೂ" ಎಂಬ ಮಾತು ಕೇಳಿ ನನಗೆ ಚುರುಕ್ ಎಂದಿತು. ಮೂರು ವಾರದ ಹಿಂದೆ ಅದೇ ಮನೆಯ ಇನ್ನೊಂದು ಮರಿಗೆ ಹೀಗೇ ಆಗಿತ್ತು. ಅಂದು ಫೋನಿನಲ್ಲಿ ಕೇಳಿದ ತಂದೆಗೆ ನಾನು, "ಏನೋ ತಿಂದಿರಬೇಕು, ಮೊಸರಿನ ನೀರು ಕುಡಿಸಿ, ಸರಿಹೋಗುತ್ತೆ" ಎಂದಿದ್ದೆ. ಅದು ಸರಿಹೋಗಲಿಲ್ಲ. ಮರುದಿನವೇ ಸತ್ತಿತು. ಮಗು ಅಳುತ್ತಿದ್ದುದನ್ನು ನೋಡಲಾರದೆ ಮನೆಯವರು ಸಿರಾದ ನೆಂಟರ ಮನೆಯಿಂದ ಹೊಸ ಮರಿ ತಂದರು. ಅದನ್ನು ಮಲಗಿಸಿದ್ದು ಅದೇ ರಟ್ಟಿನ ಪೆಟ್ಟಿಗೆಯಲ್ಲಿ, ಅದೇ ಬಟ್ಟೆಯ ಮೇಲೆ, ಊಟ ಹಾಕಿದ್ದು ಅದೇ ತಟ್ಟೆಯಲ್ಲಿ.

ಅಂದು ನಾನು ಹೇಳಿದ್ದು ತಪ್ಪು. ಪ್ರಾಣಿಯನ್ನು ನೋಡದೆ, ನನ್ನ ವಿದ್ಯೆಗೆ ಸೇರದ ವಿಷಯದಲ್ಲಿ ಸಲಹೆ ಕೊಟ್ಟೆ. ಆ ತಪ್ಪು ಇನ್ನೊಂದು ಮನೆಯಲ್ಲಿ ಆಗಬಾರದು ಎಂದೇ ಈ ತಿಂಗಳ ಪುಟವನ್ನು ಮೂಕಪ್ರಾಣಿಗಳ ಒಂದು ರೋಗಕ್ಕೆ ಮೀಸಲಿಟ್ಟಿದ್ದೇನೆ.

ಪಾರ್ವೊ ಎಂದರೇನು?

"ಪಾರ್ವಸ್" ಎಂದರೆ ಲ್ಯಾಟಿನ್ ಭಾಷೆಯಲ್ಲಿ ಚಿಕ್ಕದು ಎಂದರ್ಥ. ಪಾರ್ವೊ ವೈರಸ್‌ಗಳು ವೈರಸ್‌ಗಳಲ್ಲೇ ಅತಿ ಸಣ್ಣ ಗುಂಪಿಗೆ ಸೇರಿದವು. ಇವುಗಳ ಅಗಲ ಸುಮಾರು 25 ನ್ಯಾನೋಮೀಟರ್. ನಲವತ್ತು ಸಾವಿರ ವೈರಸ್‌ಗಳನ್ನು ಸಾಲಾಗಿ ಇಟ್ಟರೆ ಒಂದು ಮಿಲಿಮೀಟರ್ ಆದೀತು.

ಇದರ ಎರಡು ಗುಣಗಳನ್ನು ತಿಳಿದುಕೊಂಡರೆ ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತದೆ.

ಮೊದಲನೆಯದು, ಇದು ತಾನಾಗಿ ಬೆಳೆಯಲಾರದು. ದೇಹದಲ್ಲಿ ಎಲ್ಲಿ ಜೀವಕೋಶಗಳು ವೇಗವಾಗಿ ಹುಟ್ಟುತ್ತಿವೆಯೋ ಅಲ್ಲಿ ಹೊಕ್ಕು ಬೆಳೆಯುತ್ತದೆ. ಕರುಳಿನ ಒಳಪದರ ಮತ್ತು ಮೂಳೆಯ ಮಜ್ಜೆ ಅಂತಹ ಜಾಗಗಳು. ಕರುಳಿನ ಪದರ ಹಾಳಾದರೆ ತಿಂದದ್ದು, ಕುಡಿದದ್ದು ನಿಲ್ಲದು. ವಾಂತಿ, ಭೇದಿ, ರಕ್ತ ಬೀಳುವುದು ಶುರುವಾಗುತ್ತದೆ. ಮಜ್ಜೆ ಹಾಳಾದರೆ ರೋಗದೊಡನೆ ಹೋರಾಡುವ ಬಿಳಿ ರಕ್ತಕಣಗಳು ಕುಸಿಯುತ್ತವೆ. ಆಗ ಕರುಳಿನಲ್ಲಿ ಇರುವ ಬ್ಯಾಕ್ಟೀರಿಯಾಗಳು ರಕ್ತಕ್ಕೆ ನುಗ್ಗುತ್ತವೆ. ಬೆಳೆಯುವ ಮರಿಗಳಲ್ಲಿ ಇಂತಹ ಕೋಶಗಳು ಹೆಚ್ಚು. ಆದ್ದರಿಂದಲೇ ಈ ರೋಗ ಮರಿಗಳನ್ನು ಹೆಚ್ಚು ಕೊಲ್ಲುತ್ತದೆ.

ಎರಡನೆಯದು, ಇದಕ್ಕೆ ಕೊಬ್ಬಿನ ಹೊದಿಕೆ ಇಲ್ಲ. ಕೊರೋನಾ ಕಾಲದಲ್ಲಿ ಸಾಬೂನು, ಸ್ಯಾನಿಟೈಸರ್ ಬಳಸಿದ್ದು ನಿಮಗೆ ನೆನಪಿದೆ. ಕೊರೋನಾ ವೈರಸ್‌ಗೆ ಕೊಬ್ಬಿನ ಹೊದಿಕೆ ಇತ್ತು, ಸಾಬೂನು ಅದನ್ನು ಕರಗಿಸಿದರೆ ವೈರಸ್ ಸತ್ತಂತೆ. ಪಾರ್ವೊಗೆ ಕರಗಿಸಲು ಹೊದಿಕೆಯೇ ಇಲ್ಲ. ಸ್ಯಾನಿಟೈಸರ್‌ಗೂ, ನಾವು ನೆಲಕ್ಕೆ ಹಾಕುವ ಸಾಮಾನ್ಯ ಫಿನಾಯಿಲ್‌ಗೂ ಇದು ಜಗ್ಗುವುದಿಲ್ಲ. ನೆರಳಿರುವ ಮಣ್ಣಿನಲ್ಲಿ, ಮನೆಯ ಮೂಲೆಯಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷದವರೆಗೂ ಉಳಿಯುತ್ತದೆ. ಮಧುಗಿರಿಯ ಆ ಎರಡನೇ ಮರಿಗೆ ರೋಗ ಎಲ್ಲಿಂದ ಬಂತು ಎಂಬುದು ಈಗ ನಿಮಗೇ ತಿಳಿದಿರಬೇಕು.

ಬನ್ನೇರುಘಟ್ಟದಲ್ಲಿ ಆದದ್ದು

ಇದು ಸಾಕಿದ ಬೆಕ್ಕಿನ ಸಣ್ಣ ಸಮಸ್ಯೆ ಎಂದು ಯಾರೂ ತಳ್ಳಿಹಾಕಬೇಡಿ. 2023ರ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬನ್ನೇರುಘಟ್ಟ ಜೈವಿಕ ಉದ್ಯಾನದಲ್ಲಿ ಎರಡು ವಾರಗಳೊಳಗೆ ಏಳು ಚಿರತೆ ಮರಿಗಳು ಸತ್ತವು. ಮೂರರಿಂದ ಎಂಟು ತಿಂಗಳ ಮರಿಗಳವು. ಕಾರಣ ಫೆಲೈನ್ ಪ್ಯಾನ್‌ಲ್ಯುಕೋಪೀನಿಯಾ, ಅಂದರೆ ಬೆಕ್ಕಿನ ಜಾತಿಗೆ ಬರುವ ಪಾರ್ವೊ ರೋಗ. ಪಶುವೈದ್ಯರು ಪಕ್ಕದಲ್ಲೇ ಇದ್ದರು, ಔಷಧಿ ಇತ್ತು, ಲಸಿಕೆಯನ್ನೂ ಹಾಕಲಾಗಿತ್ತು. ಆದರೂ ಉಳಿಯಲಿಲ್ಲ.

ಹಾಗಾದರೆ ಲಸಿಕೆ ವ್ಯರ್ಥವೇ ಎಂದು ಕೇಳಬೇಡಿ. ಲಸಿಕೆ ಬಹುಪಾಲು ಪ್ರಾಣಿಗಳನ್ನು ಕಾಪಾಡುತ್ತದೆ. ಆದರೆ ಎಳೆ ಮರಿಗಳಲ್ಲಿ ಅದಕ್ಕೆ ಒಂದು ತೊಡಕಿದೆ, ಅದನ್ನು ಮುಂದೆ ಹೇಳುತ್ತೇನೆ. ಲಸಿಕೆಯ ಜೊತೆಗೆ ಶುಚಿತ್ವವೂ ಬೇಕು ಎಂಬುದು ಇಲ್ಲಿಯ ಪಾಠ. ನಮ್ಮ ಮಧುಗಿರಿ, ಕೊರಟಗೆರೆಯ ಬೆಟ್ಟಗುಡ್ಡಗಳ ಅಂಚಿನ ಊರುಗಳಿಗೆ ಚಿರತೆಯ ಓಡಾಟ ಹೊಸದಲ್ಲ. ಅದು ಊರಿನ ನಾಯಿ, ಬೆಕ್ಕುಗಳನ್ನು ಹಿಡಿದು ತಿನ್ನುತ್ತದೆ. ನಮ್ಮ ಹಿತ್ತಲಿನ ರೋಗ ಕಾಡಿನ ಜೀವಕ್ಕೂ ಮುಟ್ಟುವ ದಾರಿ ಇದು.

ಬೆಕ್ಕಿನಲ್ಲಿ ಹೇಗೆ ಗುರುತಿಸುವುದು?

ಪ್ಯಾನ್‌ಲ್ಯುಕೋಪೀನಿಯಾ ಎಂದರೆ ಎಲ್ಲ ಬಗೆಯ ಬಿಳಿ ರಕ್ತಕಣಗಳೂ ಕಡಿಮೆಯಾಗುವುದು. ಮರಿ ಇದ್ದಕ್ಕಿದ್ದಂತೆ ಮಂಕಾಗುತ್ತದೆ, ಮೈ ಸುಡುತ್ತದೆ, ಊಟ ಬಿಡುತ್ತದೆ. ನೊರೆ ಅಥವಾ ಹಳದಿ ವಾಂತಿ, ನಂತರ ಭೇದಿ. ನೀರಿನ ಬಟ್ಟಲಿನ ಮುಂದೆ ತಲೆ ಬಾಗಿಸಿ ಕೂತಿರುತ್ತದೆ, ಆದರೆ ಕುಡಿಯುವುದಿಲ್ಲ. ಈ ಲಕ್ಷಣ ಕಂಡರೆ ಒಂದು ಗಂಟೆಯೂ ತಡಮಾಡಬೇಡಿ. ಕೆಲವು ಮರಿಗಳು ಲಕ್ಷಣ ತೋರುವ ಮೊದಲೇ ಸಾಯುತ್ತವೆ. ಆಗ ಮನೆಯವರು ಯಾರೋ ವಿಷ ಹಾಕಿದರು ಎಂದು ಪಕ್ಕದ ಮನೆಯವರ ಮೇಲೆ ಅನುಮಾನ ಪಡುತ್ತಾರೆ. ನೆರೆಯವರನ್ನು ದೂಷಿಸುವ ಮೊದಲು ಈ ರೋಗವನ್ನು ನೆನಪಿಸಿಕೊಳ್ಳಿ.

ಗಬ್ಬದ ಬೆಕ್ಕಿಗೆ ಸೋಂಕು ತಗುಲಿದರೆ ಹುಟ್ಟುವ ಮರಿಗಳ ಕಿರುಮೆದುಳು ಸರಿಯಾಗಿ ಬೆಳೆಯುವುದಿಲ್ಲ. ಅವು ತೂರಾಡುತ್ತಾ ನಡೆಯುತ್ತವೆ. ಇಂತಹ ಮರಿಗೆ ಗಾಳಿ ಸೋಕಿದೆ, ದೃಷ್ಟಿಯಾಗಿದೆ ಎಂದು ಹೊರಗೆ ಬಿಡುವವರನ್ನು ನಾನು ಕಂಡಿದ್ದೇನೆ. ಅದಕ್ಕೆ ನೋವಿಲ್ಲ. ಸ್ವಲ್ಪ ಆಸರೆ ಕೊಟ್ಟರೆ ಚೆನ್ನಾಗಿಯೇ ಬದುಕುತ್ತದೆ.

ನಾಯಿಯಲ್ಲಿ

ನಾಯಿಗಳ ಪಾರ್ವೊ ಹಳೆಯ ರೋಗವಲ್ಲ. 1978ರಲ್ಲಿ ಅಮೆರಿಕ, ಯುರೋಪ್, ಆಸ್ಟ್ರೇಲಿಯಾಗಳಲ್ಲಿ ಹೆಚ್ಚುಕಡಿಮೆ ಒಂದೇ ಸಮಯದಲ್ಲಿ ಕಾಣಿಸಿಕೊಂಡಿತು. ಬೆಕ್ಕಿನ ಪಾರ್ವೊವನ್ನು ಹೋಲುವ ವೈರಸ್ ಸ್ವಲ್ಪ ಬದಲಾಗಿ ನಾಯಿಗೆ ಹಾರಿದ್ದರಿಂದ ಇದು ಹುಟ್ಟಿತು. ಯಾವ ನಾಯಿಗೂ ಅದರ ವಿರುದ್ಧ ಶಕ್ತಿ ಇರಲಿಲ್ಲವಾದ್ದರಿಂದ ಕೆಲವೇ ತಿಂಗಳಲ್ಲಿ ಲೋಕವೆಲ್ಲ ಹರಡಿತು. ನಂತರ ಅದು ಇನ್ನೂ ಬದಲಾಗಿದೆ. ಈಗಿನ ನಾಯಿ ಪಾರ್ವೊ ಬೆಕ್ಕಿಗೂ ತಗುಲಬಲ್ಲದು. ಮನೆಯಲ್ಲಿ ಬೆಕ್ಕು, ತೋಟದಲ್ಲಿ ನಾಯಿ ಇರುವವರು ಎರಡಕ್ಕೂ ಲಸಿಕೆ ಹಾಕಿಸಬೇಕು.

ಪಾವಗಡ, ಸಿರಾ ಕಡೆ ಕುರಿಮಂದೆ ಕಾಯಲು, ಕಡಲೆಕಾಯಿ ಹೊಲಕ್ಕೆ ಹಂದಿ ಬರದಂತೆ ನೋಡಲು ನಾಯಿ ಸಾಕುವ ನಮ್ಮವರು ಬಹಳ ಮಂದಿ. ಮಂದೆ, ಬೆಳೆ ಕಾಯಲು ಮತ್ತು ಬೇಟೆಗೆ ನಾಯಿ ಸಾಕಲು ಹದೀಸ್‌ಗಳಲ್ಲಿ ಅನುಮತಿ ಇದೆ. ಆರು ವಾರದಿಂದ ಆರು ತಿಂಗಳ ಮರಿಗಳಿಗೆ ಅಪಾಯ ಹೆಚ್ಚು. ಸೋಂಕು ತಗುಲಿದ ಸುಮಾರು ಮೂರರಿಂದ ಏಳು ದಿನಕ್ಕೆ ಲಕ್ಷಣ ಕಾಣುತ್ತದೆ. ಮಂಕು, ಜ್ವರ, ಬಿಡದ ವಾಂತಿ, ಮತ್ತೆ ರಕ್ತ ಬೆರೆತ, ತೀರಾ ಕೆಟ್ಟ ವಾಸನೆಯ ಭೇದಿ. ಚಿಕಿತ್ಸೆ ಇಲ್ಲದಿದ್ದರೆ ಹೆಚ್ಚಿನ ಮರಿಗಳು ಸಾಯುತ್ತವೆ. ಬೇಗ ಆಸ್ಪತ್ರೆ ಸೇರಿಸಿ ಸರಿಯಾದ ಆರೈಕೆ ಸಿಕ್ಕರೆ ಹೆಚ್ಚಿನವು ಉಳಿಯುತ್ತವೆ.

ಕುರಿ, ಕೋಳಿ, ದನಗಳಿಗೆ?

ದನಗಳಿಗೆ ಬೇರೆ ಪಾರ್ವೊ ಇದೆ, ಅದು ಎಳೆಗರುಗಳಲ್ಲಿ ಭೇದಿ ಉಂಟುಮಾಡಬಹುದು. ಹೆಬ್ಬಾತು ಮರಿಗಳಿಗೆ ಮಾರಕವಾದ ಒಂದು ಬಗೆ ಇದೆ. ಹಂದಿಗಳಲ್ಲಿ ಇನ್ನೊಂದು ಬಗೆ ಗರ್ಭದಲ್ಲೇ ಮರಿಗಳನ್ನು ಕೊಲ್ಲುತ್ತದೆ. ಆದರೆ ನಾಯಿಯ ಪಾರ್ವೊ ಕುರಿ, ಮೇಕೆಗಳಿಗೆ ಬರುವುದಿಲ್ಲ. ಕುರಿಗೆ ಭೇದಿಯಾದರೆ ಪಿಪಿಆರ್, ಕರುಳುಬೇನೆ, ಜಂತು ಇತ್ಯಾದಿ ಬೇರೆ ಕಾರಣಗಳಿರುತ್ತವೆ. ಬಕ್ರೀದ್‌ಗೆಂದು ಸಾಕಿದ ಕುರಿಗೆ ಭೇದಿ ಶುರುವಾಯಿತೆಂದು ನಾಯಿಯನ್ನು ಓಡಿಸಬೇಡಿ. ಪಶುವೈದ್ಯರಿಗೆ ಕುರಿಯನ್ನು ತೋರಿಸಿ.

ಮಕ್ಕಳಿಗೆ ಅಂಟುತ್ತದೆಯೇ?

ತಾಯಂದಿರು ಕೇಳುವ ಮೊದಲ ಪ್ರಶ್ನೆ ಇದೇ. ಉತ್ತರ ಸ್ಪಷ್ಟ: ಇಲ್ಲ. ಬೆಕ್ಕು, ನಾಯಿಗಳ ಪಾರ್ವೊ ಮನುಷ್ಯರಿಗೆ ರೋಗ ತರುವುದಿಲ್ಲ. ಮನುಷ್ಯರಿಗೆ ಬರುವ ಪಾರ್ವೊ ಬೇರೆಯದು, ಅದರ ಹೆಸರು ಬಿ19. 1975ರಲ್ಲಿ ಲಂಡನ್‌ನಲ್ಲಿ ಪತ್ತೆಯಾಯಿತು. ಮಕ್ಕಳಲ್ಲಿ ಕೆನ್ನೆಗೆ ಹೊಡೆದಂತೆ ಕೆಂಪು ದದ್ದು, ಸಣ್ಣ ಜ್ವರ ತರುತ್ತದೆ, ಸಾಮಾನ್ಯವಾಗಿ ತಾನೇ ವಾಸಿಯಾಗುತ್ತದೆ. ಗರ್ಭಿಣಿಯರು ಮತ್ತು ಕೆಲವು ರಕ್ತದ ಕಾಯಿಲೆ ಇರುವವರು ಮಾತ್ರ ವೈದ್ಯರಿಗೆ ತೋರಿಸಬೇಕು. ಅದು ಮನುಷ್ಯರಿಂದ ಮನುಷ್ಯರಿಗೆ ಹರಡುತ್ತದೆ, ಪ್ರಾಣಿಯಿಂದಲ್ಲ. ಹೆದರಿ ಬೆಕ್ಕನ್ನು ಚೀಲದಲ್ಲಿ ಕಟ್ಟಿ ಕೆರೆಯ ಏರಿಯ ಮೇಲೆ ಬಿಟ್ಟುಬರುವ ಅಗತ್ಯ ಖಂಡಿತ ಇಲ್ಲ.

ಆದರೆ ಪ್ರಾಣಿಗಳಿಂದ ಬರುವ ಬೇರೆ ರೋಗಗಳಿವೆ. ನಾಯಿ, ಬೆಕ್ಕು ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಾಕಿ 15 ನಿಮಿಷ ತೊಳೆಯಿರಿ, ಕೂಡಲೇ ಸರ್ಕಾರಿ ಆಸ್ಪತ್ರೆಗೆ ಹೋಗಿ ರೇಬಿಸ್ ಚುಚ್ಚುಮದ್ದು ಹಾಕಿಸಿ. ಅರಿಶಿನ, ಸುಣ್ಣ, ಖಾರದಪುಡಿ ಹಚ್ಚಬೇಡಿ. ಪ್ರಾಣಿಯ ಮಲ ತೆಗೆದ ಮೇಲೆ ಕೈ ತೊಳೆಯಿರಿ. ಗರ್ಭಿಣಿಯರು ಆ ಕೆಲಸವನ್ನು ಬೇರೆಯವರಿಗೆ ಬಿಡಲಿ.

ಪಾಕಿ ಬೇರೆ, ಸೋಂಕು ಬೇರೆ

ನಮ್ಮ ಮನೆಗಳಲ್ಲಿ ಒಂದು ಗೊಂದಲವಿದೆ. ಬೆಕ್ಕು ನಾಪಾಕ್ ಅಲ್ಲ, ಅದು ನಮ್ಮ ನಡುವೆ ಓಡಾಡುವ ಜೀವಿ ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಹಾಗಾಗಿ ಬೆಕ್ಕಿನಿಂದ ಏನೂ ಆಗದು ಎಂದು ಕೆಲವರು ತಿಳಿಯುತ್ತಾರೆ. ಇನ್ನು ಕೆಲವರು, ನಾಯಿ ಮುಟ್ಟಿದ ಪಾತ್ರೆಯನ್ನು ಹೇಳಿದಷ್ಟು ಸಲ ತೊಳೆದೆವು, ಇನ್ನೇನು ಭಯ ಎನ್ನುತ್ತಾರೆ.

ತಹಾರತ್ ನಮ್ಮ ಇಬಾದತ್‌ಗೆ ಬೇಕಾದ ಶುದ್ಧಿ. ಅದರ ನಿಯಮಗಳನ್ನು ನಿಮ್ಮ ಉಲಮಾಗಳಿಂದ ಕೇಳಿ ತಿಳಿಯಿರಿ. ಸೋಂಕು ಕಣ್ಣಿಗೆ ಕಾಣದ ಇನ್ನೊಂದು ವಿಷಯ. ತೊಳೆದು ಪಾಕ್ ಆದ ತಟ್ಟೆಯಲ್ಲೂ ಮುಂದಿನ ಮರಿಯನ್ನು ಕೊಲ್ಲುವಷ್ಟು ವೈರಸ್ ಉಳಿದಿರಬಹುದು. ಒಂದನ್ನು ಮಾಡಿದರೆ ಇನ್ನೊಂದು ಮಾಡಿದಂತಲ್ಲ. ಎರಡನ್ನೂ ಮಾಡಬೇಕು. ರೋಗದ ಒಂಟೆಗಳನ್ನು ಆರೋಗ್ಯವಾಗಿರುವ ಒಂಟೆಗಳ ಬಳಿಗೆ ತರಬಾರದು ಎಂದೂ ಪ್ರವಾದಿ(ಸ) ಹೇಳಿದ್ದಾರೆ. ರೋಗಿಯನ್ನು ಬೇರ್ಪಡಿಸುವ ಈ ಪಾಠ ಒಂಟೆಗೆ ಮಾತ್ರ ಸೀಮಿತವಲ್ಲ.

ಚಪ್ಪಲಿಯ ಮಾತನ್ನೂ ಹೇಳಬೇಕು. ಪಾರ್ವೊ ಬರಲು ರೋಗಿ ಪ್ರಾಣಿ ನಿಮ್ಮ ಮನೆಗೆ ಬರಬೇಕಿಲ್ಲ. ಬೀದಿಯಲ್ಲಿ, ಸಂತೆಯಲ್ಲಿ, ಕೋಳಿ ಅಂಗಡಿಯ ಮುಂದೆ ತುಳಿದ ಕೊಳೆ ಚಪ್ಪಲಿಯ ಅಡಿಯಲ್ಲಿ ಮನೆ ಸೇರುತ್ತದೆ. ನಾವು ಚಪ್ಪಲಿ ಹೊರಗೆ ಬಿಡುತ್ತೇವೆ, ಅದು ಒಳ್ಳೆಯ ರೂಢಿ. ಆದರೆ ಬೆಕ್ಕಿನ ಮರಿಗೆ ಮಲಗಲು ಆ ಚಪ್ಪಲಿಯ ರಾಶಿಯೇ ಇಷ್ಟ! ಮನೆಯಿಂದ ಹೊರಗೇ ಹೋಗದ ಮರಿಗೂ ರೋಗ ಬರುವುದು ಹೀಗೆ. ಚಪ್ಪಲಿಗಳನ್ನು ಎತ್ತರದ ಗೂಡಿನಲ್ಲಿಡಿ.

ಯೂನಾನಿಯಲ್ಲಿ ಔಷಧಿ ಇಲ್ಲವೇ?

ಈ ಪ್ರಶ್ನೆಗೆ ನಾನೇ ಉತ್ತರ ಕೊಡಬೇಕು. ನಮ್ಮ ಪದ್ಧತಿಗೂ ಪ್ರಾಣಿಗಳಿಗೂ ಹಳೆಯ ನಂಟಿದೆ. ಗಿಡಮೂಲಿಕೆಗಳ ಮಹಾ ಪಂಡಿತ, 13ನೇ ಶತಮಾನದ ಇಬ್ನುಲ್ ಬೈತಾರ್ ಅವರ ಹೆಸರಿನ ಅರ್ಥವೇ ಪಶುವೈದ್ಯನ ಮಗ ಎಂದು. ಆದರೆ ಪಾರ್ವೊ ವೈರಸನ್ನು ಕೊಲ್ಲುವ ಔಷಧಿ ನನ್ನ ಕಪಾಟಿನಲ್ಲಿ ಇಲ್ಲ. ಮನುಷ್ಯರ ಭೇದಿಗೆ ನಾನು ಕೊಡುವ ಇಸಬಗೋಲು, ಬೇಲದ ಪುಡಿ ಈ ಮರಿಯನ್ನು ಉಳಿಸಲಾರವು.

ಅಲ್ ರಾಝಿ ಅವರು ಸಿಡುಬು ಮತ್ತು ದಡಾರವನ್ನು ಬೇರೆಬೇರೆಯಾಗಿ ಗುರುತಿಸಿ ತೋರಿಸಿದರು. ನೋಡಲು ಒಂದೇ ರೀತಿ ಇರುವ ರೋಗಗಳನ್ನು ಬೇರ್ಪಡಿಸದೆ ಮದ್ದು ಕೊಡಬಾರದು ಎಂಬುದೇ ನಾವು ಅವರಿಂದ ಕಲಿಯಬೇಕಾದದ್ದು. ಮರಿಗೆ ರಕ್ತಭೇದಿ ಜಂತುಹುಳುವಿನಿಂದಲೂ, ವಿಷದಿಂದಲೂ, ಡಿಸ್ಟೆಂಪರ್‌ನಿಂದಲೂ ಆಗಬಹುದು. ಮಲವನ್ನು ಪರೀಕ್ಷಿಸಿ ಪಾರ್ವೊ ಹೌದೋ ಅಲ್ಲವೋ ಎಂದು ಹೇಳುವ ಕಿಟ್‌ಗಳು ಪಶುವೈದ್ಯರ ಬಳಿ ಸಿಗುತ್ತವೆ.

ಚಿಕಿತ್ಸೆ ಎಂದರೆ ಮುಖ್ಯವಾಗಿ ಡ್ರಿಪ್ ಮೂಲಕ ನೀರು, ಲವಣ ತುಂಬುವುದು, ವಾಂತಿ ನಿಲ್ಲಿಸುವುದು, ಬ್ಯಾಕ್ಟೀರಿಯಾ ಸೋಂಕಿಗೆ ಔಷಧಿ ಕೊಡುವುದು. ಅಷ್ಟು ದಿನ ದೇಹ ತಡೆದುಕೊಂಡರೆ ಅದೇ ವೈರಸ್ ವಿರುದ್ಧ ಶಕ್ತಿ ಬೆಳೆಸಿಕೊಳ್ಳುತ್ತದೆ. ಆ ಕೆಲವು ದಿನಗಳನ್ನು ದಾಟಿಸುವುದೇ ಚಿಕಿತ್ಸೆ.

ಮನೆಯಲ್ಲಿ ಇವನ್ನು ಮಾಡಬೇಡಿ:

– ಬೆಕ್ಕಿಗೆ ಜ್ವರದ ಪ್ಯಾರಾಸಿಟಮಾಲ್ ಮಾತ್ರೆ ಕೊಡಬೇಡಿ. ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು.
– ಮನುಷ್ಯರ ಭೇದಿ ನಿಲ್ಲಿಸುವ ಮಾತ್ರೆ ಕೊಡಬೇಡಿ.
– ವಾಂತಿ ಮಾಡುತ್ತಿರುವ ಮರಿಯ ಬಾಯಿಗೆ ಹಾಲು, ನೀರು ಬಲವಂತವಾಗಿ ಸುರಿಯಬೇಡಿ. ಶ್ವಾಸಕೋಶಕ್ಕೆ ಹೋಗುತ್ತದೆ.
– ನಾಳೆ ನೋಡೋಣ ಎನ್ನಬೇಡಿ. ಬಟ್ಟೆ ಹೊದಿಸಿ ಬೆಚ್ಚಗಿಟ್ಟು ತಾಲ್ಲೂಕು ಪಶು ಆಸ್ಪತ್ರೆಗೆ ಒಯ್ಯಿರಿ. ದೂರದ ಹಳ್ಳಿಯವರು ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ ಕೇಳಿ.

ಲಸಿಕೆಯ ಲೆಕ್ಕ

ಮರಿ ತಾಯಿಯ ಮೊದಲ ಹಾಲಿನಿಂದ ರಕ್ಷಣೆ ಪಡೆಯುತ್ತದೆ. ಆ ರಕ್ಷಣೆ ಇರುವವರೆಗೆ ಲಸಿಕೆ ಸರಿಯಾಗಿ ಹತ್ತುವುದಿಲ್ಲ, ಅದು ಕರಗಿದ ಮೇಲೆ ಮರಿ ಬರಿಗೈಯಾಗುತ್ತದೆ. ಕರಗುವ ದಿನ ಮರಿಯಿಂದ ಮರಿಗೆ ಬೇರೆ. ಆದ್ದರಿಂದಲೇ ಒಂದು ಚುಚ್ಚುಮದ್ದು ಸಾಲದು. ಆರರಿಂದ ಎಂಟು ವಾರಕ್ಕೆ ಮೊದಲನೆಯದು, ನಂತರ ಮೂರು ನಾಲ್ಕು ವಾರಕ್ಕೊಮ್ಮೆ, 16 ವಾರ ತುಂಬುವವರೆಗೆ. ಒಂದು ವರ್ಷಕ್ಕೆ ಇನ್ನೊಂದು. ಮುಂದಿನದನ್ನು ಪಶುವೈದ್ಯರು ಹೇಳುತ್ತಾರೆ. "ಒಂದು ಹಾಕಿಸಿದ್ದೆವು, ಆದರೂ ಸತ್ತಿತು" ಎನ್ನುವವರ ಕಥೆಯ ಹಿಂದೆ ಹೆಚ್ಚಾಗಿ ಈ ಅರ್ಧಕ್ಕೆ ಬಿಟ್ಟ ಲೆಕ್ಕವೇ ಇರುತ್ತದೆ. ರೇಬಿಸ್ ಲಸಿಕೆ ಬೇರೆ, ಅದನ್ನೂ ಹಾಕಿಸಬೇಕು.

ಮನೆಯನ್ನು ಶುಚಿ ಮಾಡುವುದು ಹೇಗೆ?

1. ಮಲ, ವಾಂತಿಯನ್ನು ಹಳೆಯ ಕಾಗದದಲ್ಲಿ ತೆಗೆದು ಹೂಳಿ. ರಟ್ಟಿನ ಪೆಟ್ಟಿಗೆ, ಹಾಸಿದ ಬಟ್ಟೆಯನ್ನು ಸುಟ್ಟುಬಿಡಿ. ಅದರ ಮೇಲೆ ಆಸೆ ಬೇಡ.

2. ನೆಲ, ತಟ್ಟೆಯನ್ನು ಮೊದಲು ಸಾಬೂನು ನೀರಿನಿಂದ ಉಜ್ಜಿ ತೊಳೆಯಿರಿ. ಕೊಳೆ ಇದ್ದರೆ ಬ್ಲೀಚಿಂಗ್ ಕೆಲಸ ಮಾಡದು.

3. ಒಂದು ಲೀಟರ್ ನೀರಿಗೆ ಸುಮಾರು 5 ಗ್ರಾಂ ಹೊಸ ಬ್ಲೀಚಿಂಗ್ ಪೌಡರ್ ಕಲಸಿ. ಅಂಗಡಿಯ ದ್ರವ ಬ್ಲೀಚ್ ಆದರೆ ಒಂದು ಪಾಲಿಗೆ 30 ಪಾಲು ನೀರು. ನೆಲ ಕನಿಷ್ಠ 10 ನಿಮಿಷ ಒದ್ದೆಯಾಗಿರಲಿ, ಆಮೇಲೆ ನೀರಿನಿಂದ ತೊಳೆದು ಒಣಗಿಸಿ. ಚಪ್ಪಲಿಯ ಅಡಿಯನ್ನೂ ಮರೆಯಬೇಡಿ.

4. ಬ್ಲೀಚಿಂಗ್ ಜೊತೆ ಆಸಿಡ್, ಟಾಯ್ಲೆಟ್ ಕ್ಲೀನರ್ ಎಂದೂ ಬೆರೆಸಬೇಡಿ. ವಿಷಾನಿಲ ಏಳುತ್ತದೆ. ಕಿಟಕಿ ತೆರೆದಿರಲಿ, ಮಕ್ಕಳು ದೂರ ಇರಲಿ. ಬೆಕ್ಕಿರುವ ಮನೆಯಲ್ಲಿ ಫಿನಾಯಿಲ್ ಬಳಸದಿರುವುದೇ ಲೇಸು, ಅದು ಬೆಕ್ಕಿಗೆ ವಿಷ.

5. ಮಣ್ಣಿನ ಅಂಗಳವನ್ನು ಪೂರ್ತಿ ಶುಚಿಮಾಡಲಾಗದು. ಬಿಸಿಲು ಬೀಳುವಂತೆ ಬಿಡಿ. ಲಸಿಕೆ ಪೂರ್ತಿಯಾಗದ ಹೊಸ ಮರಿಯನ್ನು ಆ ಮನೆಗೆ ತರಬೇಡಿ.

6. ಸತ್ತ ಪ್ರಾಣಿಯನ್ನು ಕೆರೆ, ಹಳ್ಳ, ತಿಪ್ಪೆಗೆ ಎಸೆಯಬೇಡಿ. ಬಾವಿಯಿಂದ ದೂರ ಆಳವಾಗಿ ಹೂಳಿ, ಮೇಲೆ ಬ್ಲೀಚಿಂಗ್ ಅಥವಾ ಸುಣ್ಣ ಹಾಕಿ.

7. ಗುಣವಾದ ನಾಯಿಯನ್ನು ಒಂದು ತಿಂಗಳು, ಬೆಕ್ಕನ್ನು ಆರು ವಾರ ಬೇರೆ ಪ್ರಾಣಿಗಳಿಂದ ದೂರ ಇಡಿ. ಲಕ್ಷಣ ಹೋದ ಮೇಲೂ ಮಲದಲ್ಲಿ ವೈರಸ್ ಹೋಗುತ್ತಿರಬಹುದು.

ಕೊನೆಯ ಮಾತು

ಬಾಯಾರಿದ ನಾಯಿಗೆ ಬಾವಿಗಿಳಿದು ನೀರು ತಂದುಕೊಟ್ಟವನು ಕ್ಷಮೆ ಪಡೆದ, ಬೆಕ್ಕನ್ನು ಕಟ್ಟಿಹಾಕಿ ಹಸಿವಿನಿಂದ ಸಾಯಿಸಿದವಳು ಶಿಕ್ಷೆ ಪಡೆದಳು ಎಂಬ ಎರಡು ಹದೀಸ್‌ಗಳನ್ನು ಮದ್ರಸಾಕ್ಕೆ ಹೋಗುವ ಮಕ್ಕಳಿಗೂ ಗೊತ್ತು. ಸಾಕುವುದೆಂದರೆ ಊಟ ಹಾಕುವುದಷ್ಟೇ ಅಲ್ಲ, ಅದರ ರೋಗದ ಹೊಣೆಯೂ ನಮ್ಮದೇ. ಲಸಿಕೆ ಹಾಕಿಸಲು ಆಗದು ಎನ್ನುವುದಾದರೆ ಮಕ್ಕಳ ಹಟಕ್ಕೆ ಮರಿ ತರಬೇಡಿ.

ಆ ರಾತ್ರಿ ನಾನು ಪರಿಚಿತ ಪಶುವೈದ್ಯರಿಗೆ ಫೋನ್ ಮಾಡಿ ತಂದೆ, ಮಗಳನ್ನು ಕಳುಹಿಸಿದೆ. ನಾಲ್ಕು ದಿನ ಡ್ರಿಪ್ ಹಾಕಿದರು. ಅಲ್ಲಾಹನ ಕೃಪೆಯಿಂದ ಮರಿ ಉಳಿಯಿತು. ಹುಡುಗಿ ಮತ್ತೆ ಬಂದಾಗ ತಲೆ ತಗ್ಗಿಸಿ ಕೇಳಿದಳು: "ಮೊದಲನೇದು ನಾನು ಹಾಲು ಜಾಸ್ತಿ ಕೊಟ್ಟಿದ್ದಕ್ಕೆ ಸತ್ತಿದ್ದಾ?" ಇಷ್ಟು ದಿನ ಆ ಮಗು ಅದನ್ನು ಮನಸ್ಸಿನಲ್ಲಿ ಹೊತ್ತುಕೊಂಡಿತ್ತು. "ಇಲ್ಲ ಬೇಟಾ, ನಿನ್ನ ತಪ್ಪಲ್ಲ. ತಿಳಿಯದೆ ಮಾತಾಡಿದ್ದು ನಾನು" ಎಂದೆ.

ನಿಮ್ಮ ಮನೆಯಲ್ಲಿ ಮರಿ ಇದ್ದರೆ ಅದರ ವಯಸ್ಸನ್ನು ವಾರಗಳಲ್ಲಿ ಎಣಿಸಿ. ಲಸಿಕೆಯ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಆ ಕೆಲಸವನ್ನು ಮಕ್ಕಳ ಕೈಯಲ್ಲೇ ಮಾಡಿಸಿ.